ಇನ್ನೊಂದು ವರ್ಷ ಇರಲಿ



ಈ ಹೊತ್ತು ನಿಮ್ಮನ್ನು ಒಂದು ತೋಟಕ್ಕೆ ಕರೆದುಕೊಂಡು ಹೋಗುತ್ತೇನೆ. ದೊಡ್ಡ ತೋಟವೇನಲ್ಲ, ಎರಡು ಎಕರೆ. ಹೂವಿನಹಡಗಲಿ ಸೀಮೆಯದು. ಕೆಂಪು ನೆಲ. ನಡೆದರೆ ಕಾಲಡಿಯಲ್ಲಿ ಗರಸು ಕರಕರ ಎನ್ನುತ್ತದೆ. ಬದುವಿನ ಮೇಲೆ ಎರಡು ಬೇವು, ಒಂದು ಹುಣಸೆ. ಬೆಳಗಿನ ಜಾವ ನಾಲ್ಕೂವರೆಗೆ ಬಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಮೂಗಿಗೆ ತಿಳಿಯುತ್ತದೆ, ಮಲ್ಲಿಗೆ ಇದೆ ಎಂದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದೂ ತಾಲ್ಲೂಕುಗಳು ಮೋಡ ನೋಡಿಯೇ ಬದುಕುವ ನಾಡು. ವರ್ಷಕ್ಕೆ ಹೆಚ್ಚೂಕಡಿಮೆ 600 ಮಿಲಿಮೀಟರ್ ಮಳೆ. ಅದೂ ಬಂದರೆ ಬಂತು. ಜೋಳ, ಶೇಂಗಾ, ಈಗೀಗ ಮೆಕ್ಕೆಜೋಳ. ಇಂಥ ನಾಡಿನ ನಡುವೆ ಹಡಗಲಿಯ ಮಲ್ಲಿಗೆ ಹೆಸರು ಮಾಡಿದೆ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಹಿಂದೆ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಇಲ್ಲಿಂದ ಹಂಪಿಗೆ ಹೂ ಹೋಗುತ್ತಿತ್ತು, ಊರಿಗೆ ಆ ಹೆಸರು ಅದಕ್ಕೇ ಬಂತು ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಾರೆ.

ನಾನು ನಿವೃತ್ತ ಶಾಲಾ ಮಾಸ್ತರ. ಕ್ರೈಸ್ತ ಮನೆತನ. ಭಾನುವಾರದ ಆರಾಧನೆಯಲ್ಲಿ ವೇದಪಾಠ ಓದುವುದು ಅನೇಕ ವರ್ಷ ನನ್ನ ಪಾಲಿನ ಕೆಲಸವಾಗಿತ್ತು. ಓದಿದ್ದೆಲ್ಲ ತಿಳಿದಿದೆ ಎಂದುಕೊಂಡಿದ್ದೆ. ತಿಳಿದಿರಲಿಲ್ಲ. ಒಂದು ತೋಟ ಹಾಳಾದ ಮೇಲೆ ತಿಳಿಯಿತು. ಈ ಹೊತ್ತಿನ ಮಾತು ಅದರದೇ.

ಮೊದಲು ತೋಟ ಹೇಗೆ ಹಾಳಾಯಿತು, ಕೇಳಿ.

ಸುಮಾರು 20 ವರ್ಷದ ಹಿಂದಿನ ಮಾತು. ನಮ್ಮ ಭಾಗದಲ್ಲಿ ಎಲ್ಲರೂ ದಾಳಿಂಬೆ ಹಾಕುತ್ತಿದ್ದ ಕಾಲ. ನಾನೂ ಸಾಲ ಮಾಡಿ ಹಾಕಿದೆ. ಎರಡು ಬೆಳೆ ಚೆನ್ನಾಗಿಯೇ ಬಂತು. ಮೂರನೆಯ ವರ್ಷ ಮಳೆಗಾಲದಲ್ಲಿ ಎಲೆಯ ಮೇಲೆ ಸಣ್ಣ ಚುಕ್ಕೆ ಕಾಣಿಸಿತು. ನೀರಲ್ಲಿ ನೆನೆದ ಹಾಗಿತ್ತು. ಆಮೇಲೆ ಕಪ್ಪಾಯಿತು. ಚುಕ್ಕೆ ಕಾಯಿಗೆ ಇಳಿಯಿತು. ಕಾಯಿ ಸೀಳಿತು. ಪುಸ್ತಕದಲ್ಲಿ ಇದಕ್ಕೆ ದುಂಡಾಣು ಅಂಗಮಾರಿ ಎನ್ನುತ್ತಾರೆ. ರೈತರು ಬ್ಯಾಕ್ಟೀರಿಯಾ ಬಂತು ಎಂದಷ್ಟೇ ಹೇಳುತ್ತಾರೆ. ಮಳೆಹನಿ ಸಿಡಿದರೆ ಹರಡುತ್ತದೆ. ಕತ್ತರಿಯಿಂದ ಹರಡುತ್ತದೆ. ಬಳ್ಳಾರಿ, ಕೊಪ್ಪಳ, ಬಾಗಲಕೋಟೆಯ ಕಡೆ ಎಷ್ಟೋ ತೋಟಗಳು ಆಗ ಹೀಗೆಯೇ ಹೋದವು. ನಮ್ಮದೂ ಹೋಯಿತು. ಗಿಡ ಕಿತ್ತು, ಬದುವಿನಲ್ಲಿ ರಾಶಿ ಹಾಕಿ ಸುಟ್ಟೆವು. ಹಸಿ ಕಟ್ಟಿಗೆ. ಎರಡು ದಿನ ಹೊಗೆಯಾಡಿತು.

ಹೊಗೆ ಆರಿತು. ಸಾಲ ಉಳಿಯಿತು. ಅದಕ್ಕಿಂತ ಭಾರವಾದ ಒಂದು ಪ್ರಶ್ನೆಯೂ ಉಳಿಯಿತು. ಅದು ಜನರ ಬಾಯಿಂದ ಬಂದದ್ದು.

ನಮ್ಮ ಕಡೆ ಸುಖ ಕೇಳಲು ಬರುವವರು ಒಂದು ಮಾತು ಹೇಳಿಯೇ ಹೋಗುತ್ತಾರೆ. “ಏನು ಮಾಡೋದು ಮಾಸ್ತರ, ಯಾವ ಜನ್ಮದ ಕರ್ಮನೋ ಏನೋ.” ಚರ್ಚಿನವರು ಬಂದರೂ ಅದೇ ಮಾತು, ಶಬ್ದ ಮಾತ್ರ ಬೇರೆ. “ಪ್ರಾರ್ಥನೆಯಲ್ಲಿ ಎಲ್ಲೋ ಕೊರತೆಯಾಗಿರಬೇಕು, ಪರೀಕ್ಷೆ ಮಾಡಿಕೊಳ್ಳಿ.” ಕರ್ಮ ಎಂದರೂ ಪಾಪ ಎಂದರೂ ಬೆರಳು ತಿರುಗಿದ್ದು ನನ್ನ ಕಡೆಗೇ. ಪಕ್ಕದ ಹೊಲದವನ ದಾಳಿಂಬೆ ಆ ವರ್ಷ ಉಳಿದಿತ್ತು. ಅವನು ನನಗಿಂತ ಒಳ್ಳೆಯವನೇ? ರಾತ್ರಿ ಮಲಗಿದರೆ ಅದೇ ಯೋಚನೆ.

ಇದಕ್ಕೆ ಬೈಬಲಿನ ಸುವಾರ್ತೆಯಲ್ಲಿ ನೇರ ಉತ್ತರ ಇದೆ ಎಂದು ನನಗೆ ಆಗ ಹೊಳೆಯಲಿಲ್ಲ. ಲೂಕನ ಸುವಾರ್ತೆಯ 13ನೆಯ ಅಧ್ಯಾಯ. ಯೆರೂಸಲೇಮಿನ ಸಿಲೊವಾಮಿನಲ್ಲಿ ಒಂದು ಬುರುಜು ಕುಸಿದು ಬಿದ್ದಿತ್ತು. 18 ಜನ ಸತ್ತಿದ್ದರು. ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳು ಎಂದುಕೊಂಡಿದ್ದೀರಾ ಎಂದು ಯೇಸು ಜನರನ್ನೇ ಕೇಳುತ್ತಾನೆ. ಅಲ್ಲ ಎಂದು ತಾನೇ ಹೇಳುತ್ತಾನೆ. ಬಿದ್ದವರನ್ನು ಅಳೆಯುವುದು ಬಿಡಿ, ನಿಮ್ಮ ನಿಮ್ಮ ಮನಸ್ಸು ತಿರುಗಿಸಿಕೊಳ್ಳಿ ಎನ್ನುತ್ತಾನೆ. ಕಟುವಾದ ಮಾತು. ಆದರೆ ಬಿದ್ದವನ ಮೇಲಿನ ಭಾರವನ್ನು ಅದು ಇಳಿಸುತ್ತದೆ.

ನಮ್ಮ ಹಿರಿಯರು ಧಾತು ಬರದ ಕಥೆ ಹೇಳುತ್ತಿದ್ದರು. 1876ರಿಂದ 1878ರವರೆಗಿನ ಬರ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಅದೂ ಒಂದು. ಹೋದ ಜೀವ ಲೆಕ್ಕವಿಲ್ಲ. ಅಷ್ಟೂ ಜನ ಪಾಪಿಗಳೇ? ಉಳಿದವರೆಲ್ಲ ಪುಣ್ಯವಂತರೇ? ಹಾಗೆ ಹೇಳಲು ಯಾರಿಗೆ ನಾಲಗೆ ಬಂದೀತು? ಬರಕ್ಕೆ ಒಪ್ಪದ ಮಾತನ್ನು ನಾವು ಒಬ್ಬ ರೈತನ ತೋಟಕ್ಕೆ ಮಾತ್ರ ಸಲೀಸಾಗಿ ಹೇಳಿಬಿಡುತ್ತೇವೆ.

ಹಾಗಾದರೆ ಮೊದಲನೆಯ ಮಾತು ಇದು, ಕೇಳುಗರೇ. ತೋಟ ಒಣಗಿದ್ದು ತೋಟದವನ ಪಾಪದ ರಸೀದಿ ಅಲ್ಲ. ಇಷ್ಟು ನೆನಪಿಟ್ಟುಕೊಳ್ಳಿ. ಈಗ ಎರಡನೆಯದಕ್ಕೆ ಬರೋಣ.

ಪಾಪದ ಮಾತು ಬಿಟ್ಟವರು ಇನ್ನೊಂದು ಸಮಾಧಾನ ಹೇಳುತ್ತಾರೆ. “ದೇವರು ನಿಮ್ಮನ್ನು ಸವರುತ್ತಿದ್ದಾನೆ ಮಾಸ್ತರ. ಸವರಿದರೆ ತಾನೆ ಚಿಗುರೋದು.” ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ದ್ರಾಕ್ಷಿಬಳ್ಳಿಯ ಹೋಲಿಕೆ ಬರುತ್ತದೆ. ಫಲ ಕೊಡುವ ಕೊಂಬೆಯನ್ನು ತೋಟಗಾರ ಇನ್ನೂ ಹೆಚ್ಚು ಫಲಕ್ಕಾಗಿ ಸವರುತ್ತಾನೆ ಎಂಬುದು ಅದರ ಅರ್ಥ. ದೊಡ್ಡ ಮಾತು. ಆದರೆ ತೋಟದಲ್ಲಿ ಕೆಲಸ ಮಾಡಿದವನಿಗೆ ಒಂದು ವಿಷಯ ಗೊತ್ತು. ಸವರುವುದು ಬೇರೆ, ರೋಗ ಬೇರೆ.

ಸವರುವುದು ಹೇಗೆ? ನಮ್ಮ ಮಲ್ಲಿಗೆಯನ್ನೇ ನೋಡಿ. ಚಳಿಗಾಲಕ್ಕೆ ಹೂ ಮುಗಿಯುತ್ತದೆ. ಆಗ ನೀರು ನಿಲ್ಲಿಸುತ್ತೇವೆ. ಗಿಡ ಬಾಡುತ್ತದೆ, ಎಲೆ ಉದುರುತ್ತದೆ. ನೋಡಿದವರಿಗೆ ಸತ್ತಿತು ಎನ್ನಿಸಬೇಕು. ಆಮೇಲೆ ಮೊಣಕಾಲೆತ್ತರಕ್ಕೆ ಕತ್ತರಿಸುತ್ತೇವೆ. ಒಣ ಕಡ್ಡಿ, ಒಂದಕ್ಕೊಂದು ಉಜ್ಜುವ ಕಡ್ಡಿ ತೆಗೆಯುತ್ತೇವೆ. ಪಾತಿ ಬಿಡಿಸಿ, ಗೊಬ್ಬರ ಹಾಕಿ, ನೀರು ಬಿಡುತ್ತೇವೆ. ಕೆಲವು ವಾರಕ್ಕೆ ಚಿಗುರು, ಬೇಸಗೆಗೆ ಮೊಗ್ಗು. ಇಲ್ಲಿ ಪ್ರತಿ ಕಡಿತಕ್ಕೂ ಲೆಕ್ಕ ಇದೆ. ಎಲ್ಲಿ ಕಡಿಯಬೇಕು, ಎಷ್ಟು ಬಿಡಬೇಕು, ಯಾವಾಗ ನೀರು ಕೊಡಬೇಕು ಎಂದು ಕತ್ತರಿ ಹಿಡಿದವನಿಗೆ ಗೊತ್ತು.

ದಾಳಿಂಬೆಯ ರೋಗಕ್ಕೆ ಅಂಥ ಲೆಕ್ಕ ಇರಲಿಲ್ಲ. ಅದು ಹೂವನ್ನೂ ತಿಂದಿತು, ಹೀಚನ್ನೂ ತಿಂದಿತು. ಆ ರೋಗದ ಗಿಡ ಕತ್ತರಿಸುವಾಗ ನಾವು ಏನು ಮಾಡುತ್ತಿದ್ದೆವು ಗೊತ್ತೇ? ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯನ್ನು ಔಷಧಿ ನೀರಲ್ಲಿ ಅದ್ದುತ್ತಿದ್ದೆವು. ಇಲ್ಲದಿದ್ದರೆ ಕತ್ತರಿಯೇ ರೋಗ ಹೊತ್ತು ನಡೆಯುತ್ತದೆ. ಒಳ್ಳೆಯ ತೋಟಗಾರ ರೋಗವನ್ನು ಕಳಿಸುವವನಲ್ಲ. ರೋಗದ ಎದುರು ಕತ್ತರಿ ತೊಳೆಯುವವನು. ನಾನು ದೇವರನ್ನು ಆಮೇಲೆ ಹೀಗೆಯೇ ಕಂಡೆ. ನೊಂದವರಿಗೆ ಬುದ್ಧಿ ಹೇಳಲು ಹೋಗುವ ನಮಗೂ ಆ ಕತ್ತರಿಯ ಪಾಠ ಬೇಕು. ಒಂದು ಮನೆಯ ಭಯವನ್ನು ಇನ್ನೊಂದು ಮನೆಗೆ ನಾಲಗೆಯ ಮೇಲೆ ಹೊತ್ತುಕೊಂಡು ಹೋಗಬಾರದು.

ಇಲ್ಲಿಯವರೆಗೆ ಎರಡು ಮಾತಾಯಿತು. ಹಾನಿ ಪಾಪದ ಲೆಕ್ಕ ಅಲ್ಲ. ಎಲ್ಲ ಗಾಯವೂ ದೇವರು ಸವರಿದ ಗಾಯ ಅಲ್ಲ. ಹಾಗಾದರೆ ಏನು ಉಳಿಯಿತು? ಮೂರನೆಯದು ಅದೇ. ನನಗೆ ಅದನ್ನು ಹೇಳಿಕೊಟ್ಟದ್ದು ಒಬ್ಬ ಅಜ್ಜಿ.

ತೋಟದ ಒಂದು ಮಗ್ಗುಲಲ್ಲಿ ನನ್ನ ಹೆಂಡತಿ ಹಿಂದೆ 100 ಮಲ್ಲಿಗೆ ಹಚ್ಚಿದ್ದಳು. ದಾಳಿಂಬೆಯ ಗುಂಗಿನಲ್ಲಿ ನಾನು ಅವಕ್ಕೆ ನೀರು ಬಿಟ್ಟಿರಲಿಲ್ಲ. ಎಲ್ಲ ಒಣಗಿ ಕಟ್ಟಿಗೆಯಾಗಿದ್ದವು. ದಾಳಿಂಬೆ ಸುಟ್ಟ ಮೇಲೆ ಇವನ್ನೂ ಕಿತ್ತುಬಿಡೋಣ, ಹೊಲವನ್ನು ಕೋರಿಗೆ ಕೊಟ್ಟುಬಿಡೋಣ ಎಂದು ತೀರ್ಮಾನಿಸಿದೆ. ಕೀಳಲು ಆಳು ಕರೆದೆ. ಅವರ ಜೊತೆ ಒಬ್ಬ ಅಜ್ಜಿ ಬಂದಳು. ಮೊದಲಿನಿಂದ ನಮ್ಮಲ್ಲಿ ಹೂ ಬಿಡಿಸುತ್ತಿದ್ದವಳು. ಓದು ಬರಹ ಇಲ್ಲ. ಭರತ ಹುಣ್ಣಿಮೆಗೆ ಮೈಲಾರದ ಜಾತ್ರೆಗೆ ನಡೆದು ಹೋಗಿ ಕಾರಣಿಕದ ಭವಿಷ್ಯನುಡಿ ಕೇಳಿ ಬರುವವಳು. ಬೈಬಲ್ ಮುಟ್ಟಿದವಳಲ್ಲ.

ಅವಳು ಒಂದು ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ಹೆಬ್ಬೆರಳ ಉಗುರಿನಿಂದ ಕಾಂಡದ ಸಿಪ್ಪೆ ಕೆರೆದಳು. ಮೇಲೆ ಬೂದು ಬಣ್ಣ, ಒಣ ಹೊಟ್ಟು. ಇನ್ನೊಂದಿಷ್ಟು ಕೆಳಗೆ, ಮಣ್ಣಿನ ಹತ್ತಿರ ಕೆರೆದಳು. ಅಲ್ಲಿ ಒಂದು ಗೆರೆ ಕಂಡಿತು. ನೂಲಿನೆಳೆಯಷ್ಟು ಸಣ್ಣದು. ಹಸಿರು.

“ಜೀವ ಐತಿ ಮಾಸ್ತರ,” ಅಂದಳು. “ಬುಡ ಅಗೀರಿ, ಒಂದೀಟು ಗೊಬ್ಬರ ಕೊಡ್ರಿ. ಒಂದು ವರ್ಷ ಬಿಟ್ಟು ನೋಡ್ರಿ. ಬರಲಿಲ್ಲ ಅಂದ್ರ ಆಗ ಕೀಳಾಕ ಇದ್ದೇ ಐತಿ.”

ಕೇಳುಗರೇ, ನಾನು ಅಲ್ಲಿಯೇ ನಿಂತುಬಿಟ್ಟೆ. ಈ ಮಾತು ನನಗೆ ಗೊತ್ತಿತ್ತು. ಸಿಲೊವಾಮಿನ ಬುರುಜಿನ ಮಾತಾದ ಕೂಡಲೆ, ಅದೇ ಅಧ್ಯಾಯದಲ್ಲಿ, ಯೇಸು ಒಂದು ಸಾಮತಿ, ಎಂದರೆ ದೃಷ್ಟಾಂತದ ಕಥೆ, ಹೇಳುತ್ತಾನೆ. ಒಬ್ಬನ ದ್ರಾಕ್ಷಿತೋಟದಲ್ಲಿ ಒಂದು ಅಂಜೂರದ ಮರ. ಮೂರು ವರ್ಷವಾದರೂ ಫಲವಿಲ್ಲ. ಯಜಮಾನ ಕಡಿ ಅನ್ನುತ್ತಾನೆ. ತೋಟಗಾರ ಬೇಡುತ್ತಾನೆ. ಈ ಒಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ, ಆಮೇಲೂ ಫಲ ಬಾರದಿದ್ದರೆ ಕಡಿಯಿರಿ ಎಂದು. ಈ ಪಾಠವನ್ನು ನಾನು ಎಷ್ಟು ಭಾನುವಾರ ಗಟ್ಟಿಯಾಗಿ ಓದಿದ್ದೆನೋ. ಅಜ್ಜಿ ಅದನ್ನು ಓದದೆಯೇ ಹೇಳಿದಳು.

ನನ್ನ ತೋಟದಲ್ಲಿ ಕಡಿ ಎನ್ನುತ್ತಿದ್ದ ಯಜಮಾನ ನಾನೇ. ಇರಲಿ ಎನ್ನುತ್ತಿದ್ದ ತೋಟಗಾರ ಅಜ್ಜಿ.

ಇಲ್ಲಿ ಒಬ್ಬ ಹಿರಿಯರನ್ನು ನೆನೆಯಬೇಕು. ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಅವರ ಮನೆತನದ ಹೆಸರು ನಮ್ಮ ಹಡಗಲಿ ತಾಲ್ಲೂಕಿನ ಉತ್ತಂಗಿ ಗ್ರಾಮದ್ದು. ಅವರು ಕ್ರೈಸ್ತ ಬೋಧಕರು. ಆದರೂ ಸರ್ವಜ್ಞನ ತ್ರಿಪದಿಗಳನ್ನು ಹುಡುಕಿ ಹುಡುಕಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಒಳ್ಳೆಯ ಮಾತು ಯಾರ ಬಾಯಲ್ಲಿದ್ದರೂ ಅದನ್ನು ಎತ್ತಿಕೊಳ್ಳಬೇಕು ಎಂಬುದನ್ನು ಅವರು ಬದುಕಿ ತೋರಿಸಿದರು. ಅಜ್ಜಿಯ ಬಾಯಿಂದ ಸುವಾರ್ತೆ ಕೇಳಲು ನನಗೆ ಸಂಕೋಚ ಯಾಕೆ?

ಸರಿ, ಮೂರನೆಯ ಮಾತು ಇದಾಯಿತು. ಯಾಕೆ ಹೀಗಾಯಿತು ಎಂಬುದಕ್ಕೆ ತೋಟ ಉತ್ತರ ಕೊಡುವುದಿಲ್ಲ. ನಾಳೆ ಬೆಳಗ್ಗೆ ಏನು ಮಾಡಬೇಕು ಎಂಬುದನ್ನು ಮಾತ್ರ ಹೇಳುತ್ತದೆ. ಬುಡ ಅಗೆ. ಗೊಬ್ಬರ ಹಾಕು. ಒಂದು ವರ್ಷ ಕಾಯಿ.

ಕಾಯುವುದು ಎಂದರೆ ಸುಮ್ಮನೆ ಕೂರುವುದೇ? ನಾಲ್ಕನೆಯ ಮಾತು ಅದರ ಬಗ್ಗೆ. ಅದಕ್ಕೆ ಎರಡು ಕಥೆ ಹೇಳುತ್ತೇನೆ. ಎರಡೂ ನಡೆದದ್ದೇ.

ಮೊದಲನೆಯದು ನಮ್ಮ ನೀರಿನ ಕಥೆ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಯಿತು. 1953ರಲ್ಲಿ ನೀರು ನಿಂತಿತು. ಸುಮಾರು 90 ಹಳ್ಳಿ ಮುಳುಗಿದವು. 50 ಸಾವಿರಕ್ಕೂ ಹೆಚ್ಚು ಜನ ಎದ್ದರು. ನಾರಾಯಣದೇವರಕೆರೆಯವರು ದೇವರ ಮೂರ್ತಿಗಳನ್ನೂ ಎತ್ತಿಕೊಂಡು ಮರಿಯಮ್ಮನಹಳ್ಳಿಗೆ ಬಂದರು. ಹಗರಿಬೊಮ್ಮನಹಳ್ಳಿಯ ಕಡೆ, ಹಡಗಲಿಯ ಕಡೆ ಈಗಲೂ ಮುದುಕರು ಹಿನ್ನೀರಿನತ್ತ ಕೈ ತೋರಿಸಿ, ನಮ್ಮ ಹೊಲ ಅಲ್ಲಿತ್ತು ಎನ್ನುತ್ತಾರೆ. ಹೊಸ ಊರಿಗೆ ಬಂದವರು ಮೊದಲು ಏನು ಮಾಡಿದರು? ಗುಡಿಸಲು ಹಾಕಿದರು. ಅಂಗಳದಲ್ಲಿ ಒಂದು ಬೇವು, ಒಂದು ನುಗ್ಗೆ ನೆಟ್ಟರು.

ಸುಮಾರು 2,600 ವರ್ಷದ ಹಿಂದೆ ಯೆಹೂದ್ಯರು ಬಾಬಿಲೋನಿಗೆ ಸೆರೆ ಹೋದಾಗ ಪ್ರವಾದಿ ಯೆರೆಮೀಯ ಅವರಿಗೆ ಒಂದು ಪತ್ರ ಬರೆದ. ಬೈಬಲಿನಲ್ಲಿ ಅದು ಉಳಿದಿದೆ. ನಾಳೆಯೇ ಊರಿಗೆ ಮರಳುತ್ತೀರಿ ಎಂದು ಅವನು ಸುಳ್ಳು ಆಸೆ ಹುಟ್ಟಿಸಲಿಲ್ಲ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಅದರ ಫಲ ತಿನ್ನಿ, ಇರುವ ಊರಿಗೆ ಒಳ್ಳೆಯದನ್ನು ಬೇಡಿಕೊಳ್ಳಿ ಎಂಬುದು ಆ ಪತ್ರದ ಸಾರ. ಪರನೆಲದಲ್ಲಿ ಗಿಡ ನೆಡುವುದು ಎಂದರೆ ನಾಳೆಯನ್ನು ನಂಬುವುದು. ಮರಿಯಮ್ಮನಹಳ್ಳಿಗೆ ಬಂದವರು ಆ ಪತ್ರ ಓದಿರಲಿಲ್ಲ. ಆದರೂ ಅದರಂತೆಯೇ ನಡೆದರು.

ಎರಡನೆಯ ಕಥೆ ಬಂಗಾಳದ್ದು. ಆದರೆ ಕನ್ನಡಕ್ಕೂ ಸೇರಿದ್ದು. ಕ್ರೈಸ್ತ ಬೋಧಕ ವಿಲಿಯಂ ಕೇರಿ ಮೊದಲು ಚಪ್ಪಲಿ ಹೊಲಿಯುತ್ತಿದ್ದವರು. 1793ರಲ್ಲಿ ಬಂಗಾಳಕ್ಕೆ ಬಂದರು. ಕೋಲ್ಕತ್ತದ ಬಳಿಯ ಶ್ರೀರಾಮಪುರದಲ್ಲಿ ಅವರ ಅಚ್ಚುಕೂಟ. 1812ರ ಮಾರ್ಚ್ ತಿಂಗಳಲ್ಲಿ ಆ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಅನೇಕ ಭಾಷೆಗಳ ಅಚ್ಚಿನ ಮೊಳೆಗಳು ಕರಗಿದವು. ಹಸ್ತಪ್ರತಿಗಳು ಬೂದಿಯಾದವು. ಅದರಲ್ಲಿ ಕನ್ನಡ ಹೊಸ ಒಡಂಬಡಿಕೆಯ ಅನುವಾದವೂ ಇತ್ತು. ಕೇರಿ ಮತ್ತೆ ಬರೆಯಲು ಕೂತರು. 1817ರಲ್ಲಿ ಅದೇ ಅಚ್ಚುಕೂಟದಿಂದ ಅವರ ಕನ್ನಡ ವ್ಯಾಕರಣ ಹೊರಬಂತು.

ಈ ಕೇರಿಗೆ ಒಂದು ತೋಟ ಇತ್ತು. ದೇಶವಿದೇಶದ ಗಿಡ ತರಿಸಿ ನೆಟ್ಟಿದ್ದರು. ತೋಟಗಾರಿಕೆಗೆಂದೇ 1820ರಲ್ಲಿ ಒಂದು ಸಂಘವನ್ನೂ ಕಟ್ಟಿದ್ದರು. 1823ರಲ್ಲಿ ದಾಮೋದರ ನದಿ ಉಕ್ಕಿತು. ತೋಟ ನೀರಲ್ಲಿ ಮುಳುಗಿತು. ಆಗ ಕೇರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಹಾಸಿಗೆ ಹಿಡಿದಿದ್ದರು. ಎದ್ದು ಹೋಗಿ ನೋಡುವ ಹಾಗೂ ಇರಲಿಲ್ಲ. ವಯಸ್ಸು 60 ದಾಟಿತ್ತು. ಗುಣವಾದ ಮೇಲೆ ಅದೇ ಜಾಗದಲ್ಲಿ ಮತ್ತೆ ತೋಟ ಎಬ್ಬಿಸಿದರು.

ನಮ್ಮ ಬಳ್ಳಾರಿಯಲ್ಲೂ ಅಂಥದೇ ತಾಳ್ಮೆ ಇತ್ತು. ಜಾನ್ ಹ್ಯಾಂಡ್ಸ್ ಎಂಬ ಬೋಧಕರು 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಬೈಬಲಿನ ಕೆಲಸಕ್ಕೆ ಸುಮಾರು 20 ವರ್ಷ ಹಿಡಿಯಿತು. ನಾನು ಭಾನುವಾರ ಕೈಯಲ್ಲಿ ಹಿಡಿಯುವ ಪುಸ್ತಕದ ಹಿಂದೆ ಸುಟ್ಟ ಕಾಗದವೂ ಇದೆ, ತಿದ್ದಿ ತಿದ್ದಿ ಬರೆದ ಕಾಗದವೂ ಇದೆ. ಕಾಯುವುದು ಎಂದರೆ ಹೀಗೆ. ಕೈ ಮಣ್ಣಲ್ಲಿರುತ್ತದೆ, ಮನಸ್ಸು ದೇವರಲ್ಲಿರುತ್ತದೆ.

ಈಗ ಒಟ್ಟು ನಾಲ್ಕು ಮಾತಾಯಿತು. ಹಾನಿಯನ್ನು ಪಾಪಕ್ಕೆ ಗಂಟು ಹಾಕಬೇಡಿ. ರೋಗವನ್ನು ದೇವರ ಕತ್ತರಿ ಎನ್ನಬೇಡಿ. ಬುಡದ ಹಸಿರು ಹುಡುಕಿ. ಕಾಯುತ್ತ ಕೆಲಸ ಮಾಡಿ. ಇನ್ನು ಕೊನೆಯದು. ಆಮೇಲೆ ನಮ್ಮ ಮಲ್ಲಿಗೆ ಏನಾಯಿತು?

ನೂರೂ ಗಿಡದ ಬುಡ ಅಗೆದೆವು. ಮೇಲಿನ ಒಣ ಕಡ್ಡಿ ಕತ್ತರಿಸಿದೆವು. ಕೊಟ್ಟಿಗೆ ಗೊಬ್ಬರ ಹಾಕಿದೆವು. ಕೊಳವೆಬಾವಿಯಲ್ಲಿ ನೀರು ಬೆರಳು ಗಾತ್ರ ಬರುತ್ತಿತ್ತು. ಕೊಡದಲ್ಲಿ ಹೊತ್ತು ಹಾಕಿದ್ದೂ ಉಂಟು. ಮೂರು ವಾರ ಏನೂ ಇಲ್ಲ. ನಾಲ್ಕನೆಯ ವಾರ ಒಂದು ಬುಡದಲ್ಲಿ ಅಕ್ಕಿಕಾಳಿನಷ್ಟು ಚಿಗುರು. ಬೇಸಗೆ ಮುಗಿಯುವ ಹೊತ್ತಿಗೆ 70 ಗಿಡ ಎದ್ದಿದ್ದವು. 30 ಏಳಲಿಲ್ಲ. ಅದನ್ನೂ ಹೇಳಬೇಕು. ಎಲ್ಲ ಮರಳಿ ಬಂತು ಎಂದರೆ ಸುಳ್ಳಾಗುತ್ತದೆ. ಮೊದಲ ದಿನ ಬಿಡಿಸಿದ ಮೊಗ್ಗು ಒಂದು ಬೊಗಸೆ. ನನ್ನ ಹೆಂಡತಿ ಅದನ್ನು ಮಾರಲು ಬಿಡಲಿಲ್ಲ. ಅರ್ಧವನ್ನು ಕಟ್ಟಿ ಅಜ್ಜಿಯ ತುರುಬಿಗೆ ಮುಡಿಸಿದಳು. ಉಳಿದರ್ಧ ಚರ್ಚಿನ ವೇದಿಕೆಗೆ ಹೋಯಿತು. ಸಾಲ ತೀರಲು ಆಮೇಲೆ ಆರು ವರ್ಷ ಹಿಡಿಯಿತು.

2023ರಲ್ಲಿ ಮತ್ತೆ ಬರ. ರಾಜ್ಯದ 220ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾಯಿತು. ಹೂ ಕಡಿಮೆಯಾಯಿತು. ಈ ಸಲ ನಾನು ಯಾಕೆ ಎಂದು ಕೇಳಲಿಲ್ಲ. ಬುಡಕ್ಕೆ ಒಣ ಎಲೆ ಮುಚ್ಚಿದೆ.

ಯೋಹಾನನ ಸುವಾರ್ತೆಯ ಕೊನೆಯ ಭಾಗದಲ್ಲಿ ಇನ್ನೊಂದು ತೋಟ ಬರುತ್ತದೆ. ಯೇಸುವಿನ ಸಮಾಧಿ ಇದ್ದ ತೋಟ. ಇನ್ನೂ ಕತ್ತಲಿರುವಾಗ ಮಗ್ದಲದ ಮರಿಯಳು ಅಳುತ್ತ ಬರುತ್ತಾಳೆ. ಎದುರು ನಿಂತವನನ್ನು ತೋಟಗಾರ ಎಂದುಕೊಳ್ಳುತ್ತಾಳೆ. ಅವನು ಹೆಸರು ಹಿಡಿದು ಕರೆದಾಗಲೇ ಅವಳಿಗೆ ಯೇಸು ಎಂದು ತಿಳಿಯುವುದು. ಅವಳು ತಪ್ಪು ತಿಳಿದಳು ಎಂದು ನಾವು ಬೋಧಿಸುತ್ತಿದ್ದೆವು. ಈಗ ನನಗೆ ಅವಳು ಪೂರ್ತಿ ತಪ್ಪಲಿಲ್ಲ ಎನ್ನಿಸುತ್ತದೆ. ಕಡಿಯಬೇಡಿ, ಇನ್ನೊಂದು ವರ್ಷ ಇರಲಿ ಎಂದು ನಮ್ಮ ಪರವಾಗಿ ಬೇಡುವವನಿಗೆ ತೋಟಗಾರ ಎನ್ನದೆ ಬೇರೇನನ್ನಬೇಕು?

ಅಂಜೂರದ ಆ ಸಾಮತಿಗೆ ಮುಕ್ತಾಯ ಇಲ್ಲ, ಗಮನಿಸಿದ್ದೀರಾ? ಮರ ಮುಂದಿನ ವರ್ಷ ಫಲ ಕೊಟ್ಟಿತೋ ಇಲ್ಲವೋ, ಲೂಕ ಬರೆದಿಲ್ಲ. ಕಥೆ ತೋಟಗಾರನ ಮಾತಿಗೇ ನಿಂತುಬಿಡುತ್ತದೆ.

ನಿಮ್ಮ ಮನೆಯಲ್ಲೋ, ನೆರೆಯಲ್ಲೋ ಈ ವರ್ಷ ಏನಾದರೂ ಒಣಗಿರಬಹುದು. ಬೆಳೆ ಇರಬಹುದು, ಮಗನ ಓದು ಇರಬಹುದು, ಅಣ್ಣತಮ್ಮಂದಿರ ನಂಟು ಇರಬಹುದು. ಕೀಳಲು ಆಳು ಕರೆಯುವ ಮುನ್ನ ಒಮ್ಮೆ ಬುಡದಲ್ಲಿ ಕೂತು, ಮಣ್ಣಿನ ಹತ್ತಿರ, ಉಗುರಿನಿಂದ ಕೆರೆದು ನೋಡಿ.